ತಿರುಗಿ ನೋಡಿದವನು

ಕಣಿವೆಕೊಪ್ಪದ ಮೈಲಾರಲಿಂಗಪ್ಪ ಯಾರ ಮುಂದೆಯೂ ನಡೆಯುವ ಮನುಷ್ಯನಲ್ಲ. ಊರ ಮಂದಿ ಸಾಲು ಹಿಡಿದು ಹಾನಗಲ್ಲಿನ ಸಂತೆಗೆ ಹೊರಟರೆ ಕೊನೆಯವನು ಇವನೇ. ಮದುವೆಯ ದಿಬ್ಬಣವಿರಲಿ, ಮಣ್ಣಿಗೆ ಹೊರಟ ಹೆಣವಿರಲಿ, ಇಬ್ಬರೇ ಹೊಲಕ್ಕೆ ಹೋಗುವ ಬದುವಿನ ದಾರಿಯಿರಲಿ, "ನೀವು ಮುಂದ ನಡೀರಿ, ನಾ ಹಿಂದಿಂದ ಬರ್ತೇನಿ" ಎಂದು ಪಕ್ಕಕ್ಕೆ ಸರಿದು ನಿಂತುಬಿಡುತ್ತಿದ್ದ. ಎಮ್ಮೆಯನ್ನೂ ಹಗ್ಗ ಹಿಡಿದು ಎಳೆದೊಯ್ದವನಲ್ಲ, ಹಿಂದಿನಿಂದ ಹೊಡೆದುಕೊಂಡು ಹೋಗುವುದೇ. ಪರ ಊರಿನವರು ಇದನ್ನು ಕಂಡು, ಎಷ್ಟು ಮರ್ಯಾದೆಯ ಮನುಷ್ಯ ಎಂದುಕೊಳ್ಳುತ್ತಿದ್ದರು. ಊರಿನವರು ಮಾತ್ರ ಹಲ್ಲು ಕಡಿಯುತ್ತಿದ್ದರು. ತಿರುಗಿ ನೋಡಿ ಊರಿಗೆ ಬೆಂಕಿ ಇಟ್ಟವನು, ಈಗ ಹಿಂದೆ ನಡೆದರೇನು ಮುಂದೆ ನಡೆದರೇನು ಎನ್ನುತ್ತಿದ್ದರು.

ಊರು ಕಟ್ಟಿಕೊಂಡ ಕತೆ ಒಂದು, ಗುಡ್ಡದ ಮೇಲೆ ನಡೆದದ್ದು ಇನ್ನೊಂದು. ನಡೆದದ್ದು ಗೊತ್ತಿದ್ದದ್ದು ಇಬ್ಬರಿಗೆ ಮಾತ್ರ, ಅವನಿಗೆ ಮತ್ತು ಅವನ ಮಗಳಿಗೆ.

ಕಣಿವೆಕೊಪ್ಪ ಹಾನಗಲ್ಲಿನ ಪಡುವಣಕ್ಕೆ, ಗದ್ದೆಬಯಲು ಮುಗಿದು ಗುಡ್ಡ ಏಳುವ ಜಾಗದಲ್ಲಿರುವ ಊರು. ಮೈಲಾರಲಿಂಗಪ್ಪನಿಗೆ ಗುಡ್ಡದ ಬುಡದಲ್ಲಿ ಒಂದು ತುಂಡು ಗದ್ದೆ, ಹಿತ್ತಲಲ್ಲಿ ಎರಡು ಎಮ್ಮೆ, ಮಳೆಗೂ ಚಳಿಗೂ ಹೆಗಲ ಮೇಲೆ ಒಂದೇ ಕಂಬಳಿ. ಹೆಂಡತಿ ಗುತ್ತೆವ್ವ ಬಾಯಿ ಜೋರು, ಕೈ ಧಾರಾಳ. ಅವರಿಗೆ ಹುಟ್ಟಿದ ಗಂಡುಕೂಸುಗಳಲ್ಲಿ ಒಂದೂ ತೊಟ್ಟಿಲು ದಾಟಲಿಲ್ಲ. ಕಡೆಗೆ ಹೆಣ್ಣು ಹುಟ್ಟಿದಾಗ ಗುತ್ತೆವ್ವ ಅದನ್ನು ಒಯ್ದು ತಿಪ್ಪೆಯ ಮೇಲೆ ಉರುಳಿಸಿದಳು. ನೆರೆಮನೆಯ ರಹಿಮಾಬಿ ಎತ್ತಿಕೊಂಡಳು. ಗುತ್ತೆವ್ವ ಅವಳಿಗೆ ಒಂದು ಮೊರ ತೌಡು ಕೊಟ್ಟು, ಹೆತ್ತ ಮಗಳನ್ನೇ ಕೊಂಡುಕೊಂಡಂತೆ ಮಾಡಿ ಮನೆಗೆ ತಂದಳು. ತಾಯಿ ಬೇಡವೆಂದು ಬಿಸಾಕಿದ್ದನ್ನು ಸಾವೂ ಬೇಡವೆನ್ನುತ್ತದೆ ಎಂಬ ನಂಬಿಕೆ. ಹೆಸರೂ ಅದಕ್ಕೆ ತಕ್ಕಂತೆ, ತಿಪ್ಪವ್ವ. ಉಪಾಯ ಫಲಿಸಿತೋ ಏನೋ, ಕೂಸು ಬದುಕಿತು. ಎಂಟೊಂಬತ್ತು ವರ್ಷಕ್ಕೆ ಮನೆ ತುಂಬ ಗೆಜ್ಜೆ ಸದ್ದು ಮಾಡಿಕೊಂಡು ಓಡಾಡುವ ಹುಡುಗಿಯಾಯಿತು. ಅಪ್ಪನಿಗೆ ಅವಳೆಂದರೆ ಜೀವ. ಆ ಗೆಜ್ಜೆ ಸದ್ದು ತುಸು ನಿಂತರೆ ಸಾಕು, ಎಮ್ಮೆ ಹಿಂಡುತ್ತಿದ್ದವನು ತಲೆ ಎತ್ತಿ "ತಿಪ್ಪೀ" ಎಂದು ಕೂಗುತ್ತಿದ್ದ.

ಎರಡನೆಯ ದೊಡ್ಡ ಯುದ್ಧ ಶುರುವಾಗುವ ಹಿಂದಿನ ಮಳೆಗಾಲದಲ್ಲಿ ಊರಿಗೆ ವಾಂತಿಭೇದಿ ಬಂತು. ಕೆಳಗೇರಿಯಲ್ಲಿ ಮೊದಲ ಹೆಣ ಎದ್ದಾಗ ಯಾರೂ ಅದರ ಹೆಸರೆತ್ತಲಿಲ್ಲ. ಹೆಸರೆತ್ತಿದರೆ ಕರೆದಂತಾಗುತ್ತದೆ ಎಂಬ ಭಯ. ಆಮೇಲೆ ಬೆಳಿಗ್ಗೆ ರೊಟ್ಟಿ ಬಡಿದವಳು ಸಂಜೆಗೆ ಇಲ್ಲ, ಮಣ್ಣು ಕೊಟ್ಟು ಬಂದವನು ಮರುದಿನ ತಾನೇ ಮಣ್ಣಿಗೆ ಎನ್ನುವಂತಾಯಿತು. ಸೂಜಿ ಹಾಕುವ ಡಾಕ್ಟರು ಹಾನಗಲ್ಲಿನಿಂದ ಹೊರಟಿದ್ದಾರೆ ಎಂಬ ಸುದ್ದಿ ಬಂತು. ನಡುವಿನ ಹಳ್ಳ ತುಂಬಿ ಹರಿಯುತ್ತಿತ್ತು, ಡಾಕ್ಟರು ಬರಲಿಲ್ಲ.

ಇನ್ನು ಉಳಿದದ್ದು ಒಂದೇ ದಾರಿ, ಮರಗವ್ವನನ್ನು ಗಡಿ ದಾಟಿಸುವುದು. ಆ ಸೀಮೆಯಲ್ಲಿ ಇದು ಅಜ್ಜ ಮುತ್ತಜ್ಜರ ಕಾಲದ ರೂಢಿ. ಬೇನೆ ತಂದ ಅವ್ವನನ್ನು ಮಣ್ಣಿನಲ್ಲಿ ಮಾಡಿ, ಹಸಿರು ಬಳೆ ಇಟ್ಟು, ಬೇವಿನ ಸೊಪ್ಪು ಹೊದಿಸಿ, ಮೊಸರನ್ನದ ಜೊತೆ ಬುಟ್ಟಿಯಲ್ಲಿ ಕೂರಿಸಿ ಗುಡ್ಡದ ನೆತ್ತಿಯ ಆಚೆಗೆ ಬಿಟ್ಟು ಬರಬೇಕು. ಆಚೆ ಊರಿನವರು ಏನು ಮಾಡಬೇಕು ಎಂದು ಯಾರೂ ಕೇಳುತ್ತಿರಲಿಲ್ಲ. ಬುಟ್ಟಿ ಹೊರುವವನು ಯಾರೆಂದು ದೇವಿಯೇ ಹೂ ಬೀಳಿಸಿ ಹೇಳುತ್ತಾಳೆ. ಅವನದೇ ಮನೆಯ, ಇನ್ನೂ ದೊಡ್ಡವಳಾಗದ ಹುಡುಗಿ ಗಿಂಡಿಯಲ್ಲಿ ಬೇವಿನ ನೀರು ಹಿಡಿದು, ಅವನ ಹಿಂದೆ ದಾರಿಗೆ ತಂಪು ಹಾಕುತ್ತ ನಡೆಯಬೇಕು.

ಹೂ ಮೈಲಾರಲಿಂಗಪ್ಪನ ಹೆಸರಿಗೆ ಬಿತ್ತು. ಮರುದಿನ ನಸುಕಿನಲ್ಲಿ ಗುತ್ತೆವ್ವ ಹಿತ್ತಲಿಗೆ ಹೋದವಳು ಗೋಡೆ ಹಿಡಿದುಕೊಂಡು ಒಳಗೆ ಬಂದಳು. ಹೊತ್ತೇರುವಷ್ಟರಲ್ಲಿ ಅವಳ ಕಣ್ಣು ಗುಳಿ ಬಿದ್ದಿದ್ದವು, ದನಿ ಹೋಗಿತ್ತು. ರಹಿಮಾಬಿ ಬಂದು ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಚಮಚದಲ್ಲಿ ಗಂಜಿನೀರು ಬಿಡುತ್ತಿದ್ದಳು. ಮೈಲಾರಲಿಂಗಪ್ಪ ಗುಡಿಗೆ ಓಡಿದ. ತನ್ನ ಬದಲು ಬೇರೆ ಯಾರನ್ನಾದರೂ ಕಳಿಸೆಂದು ಪೂಜಾರಿ ಹೂವಪ್ಪನ ಕಾಲು ಹಿಡಿದ.

"ಹುಚ್ಚದಿಯೇನು?" ಎಂದ ಹೂವಪ್ಪ. "ಆಕಿ ನಿನ್ನ ಮನಿಗೇ ಬಂದು ಕುಂತಾಳ. ಲಗೂನ ಗಡಿ ದಾಟಿಸಬೇಕಾದಾಂವ ನೀನ. ಚಂದಂಗ ಕೇಳ್ಕೊ. ಗಡಿಕಲ್ಲಿನ ಆಚಿ ಬುಟ್ಟಿ ಇಳಿಸಿದ ಮ್ಯಾಲ ಹೊಳ್ಳಿ ನೋಡಬಾರದು, ಮಾತಾಡಬಾರದು, ಕರದ್ರ ಓಗೊಡಬಾರದು. ಗುಡ್ಡದ ಬುಡದ ಹಳ್ಳದಾಗ ಕಾಲ ತೊಳಕೊಳ್ಳೂ ತನಕ ಇದ ನೇಮ. ಆಕಿ ಅಷ್ಟ ಸರಳ ಬಿಟ್ಟು ಹೋಗೂದಿಲ್ಲ. ಬೆನ್ನ ಹತ್ತಿ ಬರ್ತಾಳ, ನಿನ್ನ ಮಂದಿ ದನೀಲೆ ಕರೀತಾಳ, ಅಳ್ತಾಳ. ನೀ ಹೊಳ್ಳಿ ನೋಡಿದ್ಯೋ, ನಿನ್ನ ಹೆಗಲ ಮ್ಯಾಲ ಕುಂತು ಸೀದಾ ಊರಿಗೇ ಬರ್ತಾಳ. ನಿನ್ನ ಹೇಂತಿ ಉಳಿಯೂದಿಲ್ಲ."

ತಿಪ್ಪವ್ವ ಅಪ್ಪನ ಪಕ್ಕದಲ್ಲಿ ಗಿಂಡಿ ಹಿಡಿದು ನಿಂತಿದ್ದಳು. ಹೂವಪ್ಪ ಅವಳ ಕಡೆ ತಿರುಗಿದ. "ಕೂಸ, ನಿನಗೂ ಇದ ನೇಮ. ಯಾರ ಕರದ್ರೂ ಓ ಅನಬ್ಯಾಡ."

"ಅಪ್ಪ ಕರದ್ರ?"

"ನಿಮ್ಮಪ್ಪ ಕರಿಯಂಗಿಲ್ಲ. ಕರದ್ರ ಅದು ನಿಮ್ಮಪ್ಪ ಅಲ್ಲ, ಆಕಿ ಅಂತ ತಿಳಕೊ."

ಹೊರಡುವ ಮುಂಚೆ ಮೈಲಾರಲಿಂಗಪ್ಪ ಹೆಂಡತಿಯ ಮುಖ ನೋಡಲು ಮನೆಗೆ ಬಂದ. ಗುತ್ತೆವ್ವನ ತುಟಿ ಅಲ್ಲಾಡಿದವು. ಅವನು ಬಾಗಿ ಕಿವಿ ಕೊಟ್ಟ. "ಕೂಸಿನ ಕೈ ಬಿಡಬ್ಯಾಡ" ಎಂದಳು. ಆಮೇಲೆ ಮಗಳ ಕೈಯಲ್ಲಿದ್ದ ಹಿತ್ತಾಳೆ ಗಿಂಡಿಯ ಕಡೆ ಕಣ್ಣು ಹೊರಳಿಸಿ, "ನಮ್ಮವ್ವ ಕೊಟ್ಟದ್ದು, ಕಳಕೊಂಡು ಬಂದೀ ಮತ್ತ" ಎಂದಳು. ಸಾಯುವ ಹೊತ್ತಿನಲ್ಲೂ ಗದರುವ ಹೆಂಗಸು ಅವಳು. ತಿಪ್ಪವ್ವ ಗಿಂಡಿಯನ್ನು ಎದೆಗೆ ಒತ್ತಿಕೊಂಡಳು.

ಏರುವ ದಾರಿಯಲ್ಲಿ ಯಾವ ಹಕ್ಕಿಯೂ ಕೂಗಲಿಲ್ಲ. ಕೆಂಪು ಮಣ್ಣಿನ ಹಾದಿ ಮಳೆಗೆ ನೆನೆದು ಜಾರುತ್ತಿತ್ತು. ತಲೆಯ ಮೇಲಿನ ಬುಟ್ಟಿ ಮೊದಮೊದಲು ಹಗುರವಿತ್ತು, ಗುಡ್ಡ ಏರಿದಂತೆ ಭಾರವಾಗುತ್ತ ಬಂತು. ಸೊಪ್ಪು ಮಳೆನೀರು ಕುಡಿದರೆ ಭಾರವಾಗದೆ ಏನು? ಅದು ಅವನಿಗೂ ಗೊತ್ತು. ಆದರೂ ಒಳಗೆ ಯಾರೋ ಕಾಲು ಮಡಚಿ ಕೂತು ಉಸಿರಾಡುತ್ತಿದ್ದಾರೆ ಎನ್ನಿಸಿ ಅವನ ಕುತ್ತಿಗೆ ಸೆಟೆದುಕೊಂಡಿತು. ಹಿಂದೆ ಘಲ್ ಘಲ್ ಎನ್ನುವ ಮಗಳ ಗೆಜ್ಜೆಯೊಂದೇ ಧೈರ್ಯ.

ಗಡಿಕಲ್ಲಿನ ಆಚೆ ಬುಟ್ಟಿ ಇಳಿಸಿದ. ಮಣ್ಣಿನ ಅವ್ವನ ಮುಖಕ್ಕೆ ಹಚ್ಚಿದ್ದ ಅರಿಸಿನ ಮಳೆಗೆ ಕರಗಿ ಕೆನ್ನೆಯ ಮೇಲೆ ಇಳಿದಿತ್ತು. ಕೈಮುಗಿದು ಬೆನ್ನು ತಿರುಗಿಸಿದ. ಅಷ್ಟರಲ್ಲಿ ಕೆಳಗಿನ ಕಣಿವೆಯಿಂದ ಮಂಜು ಎದ್ದು ಬಂತು. ಹತ್ತು ಮಾರು ಮುಂದಿನ ಮರ ಕಾಣದಾಯಿತು. ಹಿಂದೆ ಗೆಜ್ಜೆ ಕೇಳುತ್ತಿತ್ತು. ಅದನ್ನೇ ಕೇಳುತ್ತ, ಗುತ್ತೆವ್ವನನ್ನೇ ನೆನೆಯುತ್ತ ಅವನು ಇಳಿದ.

ಒಂದು ಕಡಿದಾದ ತಿರುವಿನಲ್ಲಿ ಏನೋ ಠಣ್ಣೆಂದು ಕಲ್ಲಿಗೆ ಬಡಿದು ಉರುಳಿದ ಸದ್ದು. ಗೆಜ್ಜೆ ಸರಸರ ಪಕ್ಕಕ್ಕೆ ಓಡಿತು. ಆಮೇಲೆ ಮಣ್ಣು ಜಾರಿದ ಸದ್ದು. ಆಮೇಲೆ ಗೆಜ್ಜೆಯೂ ಇಲ್ಲ.

ಅವನ ಕಾಲು ತಾವಾಗಿಯೇ ನಿಂತವು.

"ಅಪ್ಪಾ."

ಅವನು ಅಲ್ಲಾಡಲಿಲ್ಲ.

"ಅಪ್ಪಾ, ಗಿಂಡಿ ಬಿತ್ತೋ. ಕಾಲು ಸಿಕ್ಕೊಂಡೈತಿ. ಅವ್ವ ಬೈತಾಳೋ."

ಮರಗವ್ವನಿಗೆ ಗಿಂಡಿಯ ಚಿಂತೆ ಯಾಕೆ? ಗುತ್ತೆವ್ವ ಬೈಯುವ ಹೆದರಿಕೆ ಯಾವ ದೇವರಿಗಿದೆ? ಅದು ತಿಪ್ಪಿ. ಮೈಲಾರಲಿಂಗಪ್ಪನಿಗೆ ಅದು ಗೊತ್ತಾಯಿತು. ಅನುಮಾನಕ್ಕೆ ಕೂದಲೆಳೆಯಷ್ಟೂ ಎಡೆಯಿರಲಿಲ್ಲ. ಆದರೆ ಹೂವಪ್ಪನ ಮಾತು ಬೆನ್ನಿನ ಮೇಲೆ ಕೈಯಿಟ್ಟು ಮುಂದಕ್ಕೆ ನೂಕುತ್ತಿತ್ತು. ಗುಳಿಬಿದ್ದ ಎರಡು ಕಣ್ಣು ಎದುರಿಗೆ ನಿಂತಿದ್ದವು. ಹಳ್ಳ ಇಲ್ಲೇ ಕೆಳಗೆ ಇದೆ, ಕಾಲು ತೊಳೆದು ಓಡಿ ಬಂದರಾಯಿತು, ಹುಡುಗಿ ಎಲ್ಲಿಗೆ ಹೋಗುತ್ತಾಳೆ ಎಂದುಕೊಂಡ. ಅವನು ನಡೆದ. ಮತ್ತೆ ಕರೆದರೆ ಕೇಳಬಾರದೆಂದು ಓಡುವವನಂತೆ ನಡೆದ.

ಆ ಓಟದಲ್ಲೇ ದಾರಿ ತಪ್ಪಿತು. ಎರಡು ಹಾದಿ ಕೂಡುವಲ್ಲಿ ಎಡಕ್ಕೆ ಇಳಿಯಬೇಕಾದವನು ಮಂಜಿನಲ್ಲಿ ಕಟ್ಟಿಗೆ ಕಡಿಯುವವರ ಹಾದಿ ಹಿಡಿದಿದ್ದ. ಹಳ್ಳವೇನೋ ಸಿಕ್ಕಿತು, ಆದರೆ ಎಂದೂ ಕಂಡಿರದ ತಿರುವಿನಲ್ಲಿ ಸಿಕ್ಕಿತು. ಕಾಲು ತೊಳೆದು ಹೊಳ್ಳಿ ನೋಡಿದ. ಮಂಜು ಬಿಟ್ಟರೆ ಏನೂ ಇರಲಿಲ್ಲ. ನೀರಿನ ಅಂಚಿನ ಕೆಸರಿನಲ್ಲಿ ಹುಲಿಯ ಹೆಜ್ಜೆ ಇತ್ತು. ಆ ಗುಳಿಗೆ ಇನ್ನೂ ನೀರು ಜಿನುಗಿ ತುಂಬುತ್ತಿತ್ತು.

"ತಿಪ್ಪೀ!" ಎಂದು ಚೀರಿದ. ನೇಮ ಮುಗಿದಿತ್ತು, ಇನ್ನು ಎಷ್ಟು ಬೇಕಾದರೂ ಕೂಗಬಹುದಿತ್ತು. ಬಂದ ದಾರಿಯಲ್ಲೇ ಏರಿದ, ಬಂದ ದಾರಿಯೇ ಸಿಗಲಿಲ್ಲ. ಒಂದೇ ಬಂಡೆಯ ಹತ್ತಿರ ಮತ್ತೆ ಮತ್ತೆ ಬಂದು ನಿಂತ. ಮುಳ್ಳು ಕಂಟಿಗೆ ಕಂಬಳಿ ಹೋಯಿತು. ಕೂಗಿ ಕೂಗಿ ಗಂಟಲು ಒಡೆಯಿತು. ಗುಡ್ಡ ಅವನ ದನಿಯನ್ನೇ ಅವನಿಗೆ ತಿರುಗಿ ಕೊಡುತ್ತಿತ್ತು, ಮಗಳದ್ದು ಒಂದು ಉಸಿರೂ ಇಲ್ಲ. ಕತ್ತಲಾದ ಮೇಲೆ ಕಾಲೆತ್ತಿ ಇಡಲು ಧೈರ್ಯ ಸಾಲದೆ ಒಂದು ಮತ್ತಿಮರಕ್ಕೆ ಆತುಕೊಂಡು ಕೂತ. ಕೂತಲ್ಲಿಂದಲೇ ಕೂಗಿದ.

ಬೆಳಕು ಹರಿದಾಗ ಕಂಡಿತು. ಅವನು ಕೂತ ಮರದಿಂದ ಕಲ್ಲೆಸೆದರೆ ತಲುಪುವಷ್ಟು ದೂರದ ಕೊರಕಲಿನಲ್ಲಿ ಹಿತ್ತಾಳೆ ಮಿಂಚುತ್ತಿತ್ತು. ತಿಪ್ಪವ್ವ ಎರಡು ಬೇರುಗಳ ನಡುವೆ ಕಾಲು ಸಿಕ್ಕಿಸಿಕೊಂಡು, ಜಜ್ಜಿದ ಗಿಂಡಿಯನ್ನು ತೊಡೆಯ ಮೇಲಿಟ್ಟುಕೊಂಡು, ಕಣ್ಣು ಬಿಟ್ಟುಕೊಂಡೇ ಕೂತಿದ್ದಳು. ಅವನು ಜಾರಿಕೊಂಡು ಇಳಿದು ಅವಳನ್ನು ತಬ್ಬಿಕೊಂಡು ಹೋ ಎಂದು ಅತ್ತ. ಅವಳು ಅಳಲಿಲ್ಲ.

"ರಾತ್ರೆಲ್ಲಾ ನೀ ಕರಿಯೂದು ಕೇಳಿಸ್ತು" ಎಂದಳು. "ಆಕೀನ ಇರಬೇಕಂತ ಬಾಯಿ ಮುಚಗೊಂಡು ಕುಂತೆ. ಪೂಜಾರಿ ಹೇಳಿದ್ನಲ್ಲಾ."

ಅವನು ಬೇರುಗಳ ನಡುವಿನಿಂದ ಅವಳ ಕಾಲು ಬಿಡಿಸುತ್ತಿದ್ದ. ಗೆಜ್ಜೆ ಕಿತ್ತು ಬಂತು.

"ನಾ ಕರದಾಗ ನೀ ನಿಂತಿದ್ದಿ" ಎಂದಳು. "ಮ್ಯಾಲ ಮಂಜಿನ್ಯಾಗ ನಿನ್ನ ಕಂಬಳಿ ಕಾಣಾಕತ್ತಿತ್ತು. ನಿಂತಿ, ಆಮ್ಯಾಲ ಹ್ವಾದಿ. ನೀನೂ ನನ್ನ ಆಕೀನ ಅಂತ ತಿಳಕೊಂಡ್ಯೇನು?"

ಹೂಂ ಎಂದಿದ್ದರೆ ಮುಗಿದುಹೋಗುತ್ತಿತ್ತು. ಒಂದು ಹೂಂ. ಮೈಲಾರಲಿಂಗಪ್ಪನ ಬಾಯಿ ತೆರೆಯಿತು, ದನಿ ಹೊರಡಲಿಲ್ಲ. ತಿಪ್ಪವ್ವ ಅವನ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಕಣ್ಣು ಕೆಳಗಿಳಿಸಿ ಗಿಂಡಿಯ ಮಣ್ಣು ಒರೆಸಿದಳು. "ಅವ್ವ ಇನ್ನ ಬೈಯಂಗಿಲ್ಲ ಬಿಡು, ಗಿಂಡಿ ಸಿಕ್ತು" ಎಂದಳು.

ಊರ ಬಾಗಿಲ ಬೇವಿನ ಮರದ ಕೆಳಗೆ ಮಂದಿ ಕೂಡಿದ್ದರು. ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬರುತ್ತಿದ್ದವನಿಗೆ ರಹಿಮಾಬಿ ಎದುರಾಗಿ ಓಡಿ ಬಂದಳು. ಅವಳು ಬಂದ ರೀತಿಯಲ್ಲೇ ಅವನಿಗೆ ತಿಳಿಯಿತು. "ನಿನ್ನಿ ಹೊತ್ತ ಮುಳುಗೂ ಮುಂದ ಹೋತು, ಅಣ್ಣಾ. ಕೂಸು ಬಂತೇನು, ಕೂಸು ಬಂತೇನು ಅಂತ ಕೇಳಿಕೋತನ ಹೋತು" ಎಂದು ಎದೆ ಬಡಿದುಕೊಂಡಳು.

ಹೂವಪ್ಪ ಮುಂದೆ ಬಂದ. ಸಂಜೆಯೊಳಗೆ ಒದ್ದೆ ಕಾಲಿನಲ್ಲಿ ಗುಡಿಗೆ ಬರಬೇಕಾದವನು ಬೆಳಿಗ್ಗೆ ಮಗಳನ್ನು ಹೊತ್ತು ಬಂದಿದ್ದಾನೆ. ರಾತ್ರಿ ಕೆಳಗೇರಿಯಲ್ಲಿ ಮತ್ತೆ ಎರಡು ಹೆಣ ಎದ್ದಿವೆ. ಇನ್ನೇನು ಬೇಕು?

"ಹೊಳ್ಳಿ ನೋಡಿದ್ಯೇನು?" ಎಂದ.

ಮೈಲಾರಲಿಂಗಪ್ಪ ನಿಜ ಹೇಳಬಹುದಿತ್ತು. ಕಾಲು ತೊಳೆದ ಮೇಲೆಯೇ ನಾನು ಹಿಂದಕ್ಕೆ ಹೋದದ್ದು, ನೇಮ ಮುರಿದಿಲ್ಲ ಎಂದಿದ್ದರೆ ಊರು ಅವನನ್ನು ತಲೆಯ ಮೇಲೆ ಹೊತ್ತು ತಿರುಗುತ್ತಿತ್ತು, ತಪ್ಪು ಹೂವಪ್ಪನ ಪೂಜೆಯ ಮೇಲೆ ಹೋಗುತ್ತಿತ್ತು. ಆದರೆ ಮಗಳ ಗಲ್ಲ ಅವನ ನೆತ್ತಿಯ ಮೇಲಿತ್ತು. ಅವಳು ಕೇಳಿಸಿಕೊಳ್ಳುತ್ತಿದ್ದಳು.

"ನೋಡಿದೆ" ಎಂದ. "ಮಗಳು ಕರೀತು, ಹೊಳ್ಳಿ ನೋಡಿದೆ."

ಹೆಂಗಸರು ಅಯ್ಯೋ ಎಂದರು. ಯಾರೋ ಥೂ ಎಂದು ಉಗಿದರು. ಹೆಗಲ ಮೇಲಿದ್ದ ತಿಪ್ಪವ್ವನ ಮೈ ಒಂದು ಸಲ ಬಿಗಿಯಾಯಿತು, ಅಷ್ಟೇ.

ಹಾನಗಲ್ಲಿನ ದಾರಿಯ ಹಳ್ಳದ ನೀರು ಇಳಿದ ಮೇಲೆ ಡಾಕ್ಟರು ಬಂದು ಸೂಜಿ ಹಾಕಿದರು, ಬಾವಿಗೆ ಕೆಂಪು ಔಷಧಿ ಸುರಿದರು, ಬೇನೆ ಇಳಿಯಿತು. ಅಷ್ಟರಲ್ಲಿ ಹೂವಪ್ಪ ಇನ್ನೊಂದು ಬುಟ್ಟಿ ಕಳಿಸಿದ್ದರಿಂದ ಯಶಸ್ಸೆಲ್ಲ ಅವನದಾಯಿತು, ಸತ್ತವರೆಲ್ಲ ಮೈಲಾರಲಿಂಗಪ್ಪನ ಪಾಲಿಗೆ ಬಂದರು. ಊರು ಅವನನ್ನು ಹೊಡೆಯಲಿಲ್ಲ, ಬಡಿಯಲಿಲ್ಲ. ಊಟದ ಪಂಕ್ತಿಯಲ್ಲಿ ಅವನ ಪಕ್ಕದ ಜಾಗ ಖಾಲಿ ಬಿಟ್ಟರು, ಬಿತ್ತನೆಯ ಹೊತ್ತಿಗೆ ಕೂರಿಗೆ ಕೊಡಲಿಲ್ಲ, ಎಳೆಕೂಸುಗಳನ್ನು ಅವನ ಕಣ್ಣಿಗೆ ಬೀಳದಂತೆ ಸೆರಗಿನಲ್ಲಿ ಮುಚ್ಚಿದರು. ಹೆಂಡತಿಯನ್ನು ಕೊಂದವನು ಎಂದು ಆಡಿಕೊಂಡರು. ಇಷ್ಟು ಕೆಟ್ಟ ಬಾಳು ಬಾಳಿದವನ ಮುಖದಲ್ಲಿ ಏನೋ ಸಮಾಧಾನ ಕಾಣುತ್ತಿತ್ತು ಎಂದು ರಹಿಮಾಬಿ ಹೇಳುತ್ತಿದ್ದಳು. ಅದು ಸುಳ್ಳಾಗಿರಲಿಕ್ಕಿಲ್ಲ. ಊರೆಲ್ಲ ಬೈಯುತ್ತಿದ್ದದ್ದು ಮಗಳಿಗಾಗಿ ತಿರುಗಿ ನೋಡಿದ ಅಪ್ಪನನ್ನು. ಅಂಥ ಅಪ್ಪನಾಗಿ ಬೈಸಿಕೊಳ್ಳುವುದು ಅವನಿಗೆ ಬೇಕಾಗಿತ್ತು.

ಮನೆಯೊಳಗೆ ಮಾತ್ರ ಆ ಸಮಾಧಾನ ಇರಲಿಲ್ಲ. ತಿಪ್ಪವ್ವ ಮತ್ತೆ ಗೆಜ್ಜೆ ಕಟ್ಟಲಿಲ್ಲ. ರೊಟ್ಟಿ ಬಡಿದಳು, ಎಮ್ಮೆ ಮೇಯಿಸಿದಳು, ಅಪ್ಪನಿಗೆ ಜ್ವರ ಬಂದರೆ ರಾತ್ರಿ ಕೂತು ತಲೆ ಒತ್ತಿದಳು. ಆದರೆ ದೂರದಲ್ಲಿರುವ ಅಪ್ಪನನ್ನು ಒಮ್ಮೆಯೂ ಕೂಗಿ ಕರೆಯಲಿಲ್ಲ. ಗದ್ದೆಯ ಆ ತುದಿಯಲ್ಲಿದ್ದರೆ ನಡೆದು ಹೋಗಿ ಎದುರು ನಿಂತೇ ಮಾತಾಡುತ್ತಿದ್ದಳು. ಅವನು ಅವಳನ್ನು ಮುಂದೆ ಬಿಟ್ಟು ಹಿಂದೆ ನಡೆಯುತ್ತಿದ್ದ. ಅವಳು ತಿರುಗಿ ನೋಡದೆ ನಡೆಯುತ್ತಿದ್ದಳು.

ಯುದ್ಧ ಮುಗಿಯುವ ವರ್ಷ, ಸೀರೆಗೂ ಕಂಟ್ರೋಲು ಬಂದಿದ್ದ ದಿನಗಳಲ್ಲಿ, ಸವಣೂರು ಸೀಮೆಯ ಹತ್ತಿಮತ್ತೂರಿನಿಂದ ಒಂದು ಸಂಬಂಧ ಬಂತು. ಅದಕ್ಕೆ ಮೊದಲು ಬಂದವರೆಲ್ಲ ಊರ ಬಾಗಿಲಲ್ಲೇ ಕತೆ ಕೇಳಿ ಹಿಂದಿರುಗಿದ್ದರು. ಇವರು ಮನೆಯವರೆಗೆ ಬಂದರು, ಹುಡುಗಿ ಮನಸ್ಸಿಗೆ ಬಂದಳು. ತಟ್ಟೆಯಲ್ಲಿಟ್ಟಿದ್ದ ಸವಣೂರಿನ ವೀಳ್ಯದೆಲೆ ಹಂಚಿ ಮಾತು ಮುಗಿಸುವುದೊಂದೇ ಬಾಕಿ. ತಿಪ್ಪವ್ವ ಅದೇ ಜಜ್ಜಿದ ಗಿಂಡಿಯಲ್ಲಿ ನೀರು ತಂದಿಟ್ಟು ಅಡಿಗೆಮನೆಯ ಬಾಗಿಲಿಗೆ ಸರಿದು ನಿಂತಳು. ಆಗ ಹುಡುಗನ ದೊಡ್ಡಪ್ಪ ಉಳಿವೆಪ್ಪ ಗಂಟಲು ಸರಿಮಾಡಿಕೊಂಡ.

"ಒಂದ ಮಾತು ಕೇಳ್ತೇನಿ, ತಪ್ಪ ತಿಳಕೋಬ್ಯಾಡ್ರಿ. ಊರಾಗ ಒಂದು ಸುದ್ದಿ ಹೇಳಿದ್ರು. ನೀವು ಅವ್ವನ ನೇಮ ಮುರದಿರಂತ, ಹೊಳ್ಳಿ ನೋಡಿದ್ರಂತ. ಖರೇನ್ರಿ? ಹಂಗಿದ್ರ ನಮ್ಮ ಮನ್ಯಾಗೂ ಹೆಣ್ಣಮಕ್ಕಳದಾರು, ಕೂಸುಗಳದಾವು..."

ಮೈಲಾರಲಿಂಗಪ್ಪ ಬಾಗಿಲ ಕಡೆ ನೋಡಿದ. ಇಷ್ಟು ವರ್ಷ ಅಪ್ಪಿಕೊಂಡು ಕೂತಿದ್ದ ಸುಳ್ಳು ಈಗ ಮಗಳ ಬಾಳನ್ನೇ ನುಂಗುತ್ತಿತ್ತು. ಅವನು ಕೈಮುಗಿದು ಎದ್ದು ನಿಂತ.

"ಖರೇ ಅಲ್ರಿ" ಎಂದ. "ಊರಿಗೆ ನಾ ಸುಳ್ಳ ಹೇಳೇನಿ. ಮಗಳು ಕರೀತು. ನನ್ನ ಮಗಳ ದನಿ ಅಂತ ಗೊತ್ತಿತ್ತು. ಗೊತ್ತಿದ್ದೂ ನಾ ಹೊಳ್ಳಿ ನೋಡ್ಲಿಲ್ರಿ. ಕಾಲ ಸಿಕ್ಕೊಂಡ ಕೂಸಿನ ಬಿಟ್ಟು ಹ್ವಾದೆ. ನೇಮ ಮುರದಿಲ್ಲ. ನನ್ನ ಮನ್ಯಾಗ ಯಾವ ದೋಷಾನೂ ಇಲ್ರಿ."

ಬಂದವರ ಮುಖ ಸಡಿಲವಾದವು. ಉಳಿವೆಪ್ಪ ಮೆಚ್ಚಿಗೆಯಿಂದ ತಲೆದೂಗಿ ಎಲೆಯ ತಟ್ಟೆಗೆ ಕೈ ಚಾಚಿದ.

"ಸುಳ್ಳ ಹೇಳ್ತಾನ್ರಿ."

ತಿಪ್ಪವ್ವ ಬಾಗಿಲು ದಾಟಿ ನಡುಮನೆಗೆ ಬಂದಿದ್ದಳು. ಗಂಡಸರು ಕೂತಲ್ಲಿ, ಅವರು ನೋಡಲು ಬಂದ ಹುಡುಗಿಯೇ ಬಾಯಿ ತೆರೆಯುವುದೆಂದರೆ ಆ ಕಾಲಕ್ಕೆ ಸಣ್ಣ ಮಾತಲ್ಲ.

"ನನ್ನ ಮದುವಿ ಆಗ್ಲಿ ಅಂತ ಸುಳ್ಳ ಹೇಳ್ತಾನ" ಎಂದಳು. "ನಾ ಅಲ್ಲೇ ಇದ್ದೆ. ನಾ ಕರದೆ. ನಮ್ಮಪ್ಪ ಹೊಳ್ಳಿ ನೋಡಿದ."

ಉಳಿವೆಪ್ಪ ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡು ರುಮಾಲು ಸರಿಮಾಡಿಕೊಂಡ. ಬಂದವರು ಒಬ್ಬೊಬ್ಬರಾಗಿ ಎದ್ದು, ಹೊತ್ತಾಯಿತು ಎಂದು ಹೊರಬಿದ್ದರು. ಚಕ್ಕಡಿಯ ಸದ್ದು ಊರು ದಾಟುವವರೆಗೆ ಅಪ್ಪ ಮಗಳು ಇದ್ದಲ್ಲೇ ಇದ್ದರು.

"ಯಾಕ ಹಂಗಂದೀಯವ್ವಾ?" ಎಂದು ಅವನು ಕೇಳಿದ. ಕಣ್ಣು ತುಂಬಿ ಬಂದಿದ್ದವು. "ಖರೇ ಹೇಳಾಕತ್ತಿದ್ದೆನಲ್ಲ."

ತಿಪ್ಪವ್ವ ತಟ್ಟೆಯಲ್ಲಿದ್ದ ಎಲೆಗೆ ನೀರು ಚಿಮುಕಿಸಿ ಒದ್ದೆ ಬಟ್ಟೆ ಮುಚ್ಚಿದಳು. "ಊರ ಮಂದಿ ಬಾಯಾಗಾದ್ರೂ ನನಗ ಅಂಥಾ ಅಪ್ಪ ಒಬ್ಬಾಂವ ಅದಾನ" ಎಂದಳು. "ನೀ ಖರೇ ಹೇಳಿದ್ರ ಅಲ್ಲೂ ಇರೂದಿಲ್ಲ."

ಅಷ್ಟು ಹೇಳಿ ಕೊಡ ಎತ್ತಿಕೊಂಡು ಹಳ್ಳದ ಕಡೆ ಹೊರಟಳು. ಮೈಲಾರಲಿಂಗಪ್ಪ 'ಮುಂದ ನಡಿ' ಎನ್ನಲೂ ಆಗದೆ ಅಂಗಳದಲ್ಲಿ ನಿಂತುಕೊಂಡ. ಬೇವಿನ ಮರದ ತಿರುವಿನಲ್ಲಿ ಅವಳು ನಿಂತಳು. ತಿರುಗಿ ನೋಡಲಿಲ್ಲ, ಕರೆಯಲೂ ಇಲ್ಲ. ಅವನ ಹೆಜ್ಜೆಯ ಸದ್ದು ಹಿಂದೆ ಬಂದು ಸೇರುವವರೆಗೆ ಕೊಡ ಹಿಡಿದು ಹಾಗೆಯೇ ನಿಂತಿದ್ದಳು.